ಹಕ್ಕಲು ಆಯ್ದ ಕ್ಯಾಮೆರಾ: ಆನ್ಯೆಸ್ ವಾರ್ದಾ ಕುರಿತು ಓದುಗರ ಪ್ರಶ್ನೆಗಳು

ಫ್ರಾನ್ಸಿನ ನಿರ್ದೇಶಕಿ, ಚಿತ್ರಕಥೆಗಾರ್ತಿ ಆನ್ಯೆಸ್ ವಾರ್ದಾ (1928–2019) ಅವರ ಬಗ್ಗೆ ಕಳೆದ ಸಂಚಿಕೆಯಲ್ಲಿ ಅರ್ಧ ಪುಟದ ಟಿಪ್ಪಣಿ ಹಾಕಿದ್ದೆವು. ಅದಕ್ಕೆ ಬಂದ ಪತ್ರಗಳಲ್ಲಿ ಬಹುಪಾಲು ದಾವಣಗೆರೆ, ಚಿತ್ರದುರ್ಗದ ಕಡೆಯವು. ಹೊಗಳಿಕೆ ಕಡಿಮೆ, ‘ಹೇಗೆ ಮಾಡಿದ್ರು, ನಾವೂ ಮಾಡಬಹುದಾ’ ಅನ್ನುವ ವಿಚಾರಣೆಯೇ ಜಾಸ್ತಿ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ.

ನಾವು ಐದು ಜನ ಗೆಳೆಯರು, ಬಿ.ಎ. ಕೊನೇ ವರ್ಷ. ವಾರ್ದಾ ಸಿನಿಮಾ ಶಾಲೆಗೂ ಹೋಗದೆ, ಯಾರ ಹತ್ತಿರವೂ ಅಸಿಸ್ಟೆಂಟ್ ಆಗದೆ ಮೊದಲ ಚಿತ್ರ ಮಾಡಿದರು ಅಂತ ಬರೆದಿದ್ದೀರಿ. ದುಡ್ಡು, ಜನ ಹೇಗೆ ಹೊಂದಿಸಿದರು? — ದಾವಣಗೆರೆ

ಸಿನಿಮಾ ಶಾಲೆಗೆ ಹೋಗಲಿಲ್ಲ ಅನ್ನುವುದು ನಿಜ. ಹಾಗಂತ ಏನೂ ಕಲಿಯದೆ ಬಂದವರಲ್ಲ. ಫೋಟೋಗ್ರಫಿ ಓದಿ, ಜಾನ್ ವಿಲಾರ್ ಅವರ ನಾಟಕ ತಂಡಕ್ಕೆ ವರ್ಷಗಟ್ಟಲೆ ಫೋಟೋ ತೆಗೆದವರು. ರಂಗದ ಅರೆಬೆಳಕಿನಲ್ಲಿ ಮುಖ ಯಾವ ಕ್ಷಣಕ್ಕೆ ತಿರುಗುತ್ತದೆ, ಚೌಕಟ್ಟಿನ ಅಂಚಿನಲ್ಲಿ ಏನು ಉಳಿಸಬೇಕು, ಏನು ಬಿಡಬೇಕು ಅನ್ನುವುದು ಕೈಗೆ ಹತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಚಿತ್ರರಂಗದ ರಿವಾಜು. ಅದು ಗೊತ್ತಿಲ್ಲದ್ದೇ ಒಳ್ಳೇದಾಯಿತು.

ಮೊದಲ ಚಿತ್ರ ‘ಲಾ ಪ್ವಾಂತ್ ಕೂರ್ತ್’. 1954ರಲ್ಲಿ, ದಕ್ಷಿಣ ಫ್ರಾನ್ಸಿನ ಸೆತ್ ಎಂಬ ಬಂದರಿನ ಮೀನುಗಾರರ ಕೇರಿಯಲ್ಲಿ ಚಿತ್ರೀಕರಣ ನಡೆಯಿತು. ಯುದ್ಧದ ಕಾಲದಲ್ಲಿ ಅವರು ಬೆಳೆದದ್ದೇ ಸೆತ್‌ನಲ್ಲಿ, ಹಾಗಾಗಿ ಓಣಿಯ ಜನ ಗೊತ್ತಿದ್ದವರು. ಖರ್ಚು ಸುಮಾರು 70 ಲಕ್ಷ ಫ್ರಾಂಕ್. ಈ ಅಂಕಿ ನೋಡಿ ಗಾಬರಿಯಾಗಬೇಡಿ, ಅದು ಹಳೇ ಫ್ರಾಂಕ್. 1960ರಲ್ಲಿ ನೂರು ಹಳೇ ಫ್ರಾಂಕನ್ನು ಒಂದು ಹೊಸ ಫ್ರಾಂಕ್ ಮಾಡಿದರು. ಆ ಲೆಕ್ಕದಲ್ಲಿ ಇದು 70 ಸಾವಿರ, ಆಗಿನ ಮಾಮೂಲಿ ಚಿತ್ರದ ಖರ್ಚಿನ ಸಣ್ಣ ಪಾಲು. ಮುಖ್ಯ ಪಾತ್ರಕ್ಕೆ ನಾಟಕದ ಕಡೆಯಿಂದ ಸಿಲ್ವಿಯಾ ಮೊನ್‌ಫೋರ್, ಫಿಲಿಪ್ ನ್ವಾರೆ ಬಂದರು. ಮಿಕ್ಕವರೆಲ್ಲ ಅದೇ ಕೇರಿಯವರು, ಅವರ ಪಾತ್ರ ಅವರೇ. ನಟರಿಗೂ ತಂತ್ರಜ್ಞರಿಗೂ ಕೈಗೆ ಸಂಬಳ ಇಲ್ಲ, ಚಿತ್ರದಲ್ಲಿ ಪಾಲು. ಎಲ್ಲ ಸೇರಿ ಒಂದು ಸಹಕಾರಿ ವ್ಯವಸ್ಥೆ.

ನೀವು ಐವರು ಇದೇ ದಾರಿ ಹಿಡಿಯುವುದಾದರೆ ನಗದನ್ನೂ ದುಡಿಮೆಯನ್ನೂ ಒಂದೇ ಲೆಕ್ಕದಲ್ಲಿ ಕಲಸಬೇಡಿ. ಊಟ, ಬಸ್ ಚಾರ್ಜು, ಹಾರ್ಡ್ ಡಿಸ್ಕ್, ಮೈಕು ನಗದು. ಯಾರು ಎಷ್ಟು ದಿನ ಬಂದರು ಅನ್ನುವುದು ದುಡಿಮೆ. ಎರಡಕ್ಕೂ ಒಂದು ನೋಟ್‌ಬುಕ್ಕಿನಲ್ಲಿ ಎರಡು ಪುಟ ಇಟ್ಟು, ದಿನಾ ಸಂಜೆ ಐವರೂ ಸಹಿ ಹಾಕಿ. ಎಲ್ಲಿಂದಾದರೂ ದುಡ್ಡು ಬಂದರೆ ಮೊದಲು ನಗದು ಹಾಕಿದವರಿಗೆ ವಾಪಸ್, ಉಳಿದದ್ದು ದಿನದ ಲೆಕ್ಕದಲ್ಲಿ ಹಂಚಿಕೆ. ಇದನ್ನು ಮೊದಲ ಶಾಟ್‌ಗೆ ಮುಂಚೆಯೇ ಬರೆಯಬೇಕು. ಗೆಳೆತನ ಕೆಡುವುದು ಸೋತಾಗ ಅಲ್ಲ, ಎಲ್ಲೋ ಹತ್ತು ಸಾವಿರದ ಬಹುಮಾನ ಬಂದಾಗ. ಇನ್ನೊಂದು ಮಾತು: ಫೂಟೇಜಿನ ಎರಡು ಪ್ರತಿ, ಇಬ್ಬರ ಮನೆಯಲ್ಲಿ. ‘ಫೋನ್ ನಂದು, ಫೂಟೇಜೂ ನಂದು’ ಅನ್ನುವ ಜಗಳಕ್ಕೆ ಬೇರೆ ಮದ್ದಿಲ್ಲ.

ಎಡಿಟಿಂಗ್ ಮಾಡಿದ್ದು ಅಲೈನ್ ರೆನೆ, ಮುಂದೆ ತಾವೇ ದೊಡ್ಡ ನಿರ್ದೇಶಕರಾದವರು. ಎಡಿಟಿಂಗ್ ಟೇಬಲ್ಲಿಗೆ ಬರುವ ಮುಂಚೆ ರಶಸ್‌ಗೆಲ್ಲ, ಅಂದರೆ ಚಿತ್ರೀಕರಿಸಿದ ಕಚ್ಚಾ ಫಿಲ್ಮಿಗೆಲ್ಲ, ನಂಬರ್ ಹಾಕಿಟ್ಟುಕೊಳ್ಳಿ ಅಂದರು. ವಾರ್ದಾ ಕೂತು ಕೈಯಾರೆ ಹಾಕಿದರು. ಈಗ ಆ ಕೆಲಸ ನಿಮ್ಮ ಪಾಲಿಗೆ ಒಂದು ಎಕ್ಸೆಲ್ ಶೀಟು: ಕ್ಲಿಪ್ಪಿನ ಹೆಸರು, ದಿನ, ಎಲ್ಲಿ, ಯಾರು, ಎಷ್ಟನೇ ಸೆಕೆಂಡಿನಿಂದ ಉಪಯೋಗಕ್ಕೆ ಬರುತ್ತೆ. ಅದೇ ರಾತ್ರಿ ಬರೆಯದಿದ್ದರೆ ಮೂರನೇ ವಾರಕ್ಕೆ ನಾನೂರು ಕ್ಲಿಪ್ ರಾಶಿ ಬಿದ್ದಿರುತ್ತವೆ, ಚಿತ್ರ ಅಲ್ಲೇ ನಿಲ್ಲುತ್ತೆ.

ಆ ಚಿತ್ರದ ಧ್ವನಿಯನ್ನೂ ಗಮನಿಸಿ. ಸ್ಥಳದಲ್ಲಿ ಮಾತು ಹಿಡಿಯುವಷ್ಟು ದುಡ್ಡಿರಲಿಲ್ಲ, ಆಮೇಲೆ ಡಬ್ ಮಾಡಿದರು. ಮುಖ್ಯ ಪಾತ್ರಗಳಾದ ಗಂಡ ಹೆಂಡತಿ ಎಷ್ಟೋ ದೂರ ನಡೆದು ಹೋಗುತ್ತಿದ್ದರೂ ಮಾತು ಮಾತ್ರ ನಮ್ಮ ಕಿವಿ ಪಕ್ಕದಲ್ಲೇ ಕೇಳುತ್ತದೆ. ದುಡ್ಡಿನ ಕೊರತೆಯೇ ಚಿತ್ರದ ಗುಣವಾಗಿ ಕೂತಿದೆ. ಕುಂದವಾಡ ಕೆರೆ ಏರಿ ಮೇಲೆ ಗಾಳಿ ಹೊಡೆಯುವಾಗ ಫೋನಿನ ಮೈಕಿಗೆ ಬರೀ ಬುಸುಬುಸು ಸಿಗುತ್ತದೆ. ಅಲ್ಲಿ ದೂರದ ಶಾಟ್ ತೆಗೆದು, ಮಾತನ್ನು ಮನೆಯಲ್ಲಿ ಬೀರುವಿನ ಬಟ್ಟೆಗಳ ನಡುವೆ ಬಾಯಿಂದ ಒಂದು ಗೇಣು ದೂರ ಮೈಕ್ ಹಿಡಿದು ರೆಕಾರ್ಡ್ ಮಾಡಿ. ತುಟಿ ಕಾಣದಷ್ಟು ದೂರ ಇದ್ದರೆ ಹೊಂದಿಕೆಯ ತಲೆನೋವೇ ಇಲ್ಲ.

ವಾರ್ದಾ ಬೆಲ್ಜಿಯಂನವರು ಅಂತ ಒಂದು ಕಡೆ, ಫ್ರೆಂಚ್ ಅಂತ ಇನ್ನೊಂದು ಕಡೆ ಓದಿದೆ. ಯಾವುದು ಸರಿ? — ಹೊಳಲ್ಕೆರೆ

ಹುಟ್ಟಿದ್ದು ಬ್ರಸೆಲ್ಸಿನ ಇಕ್ಸೆಲ್‌ನಲ್ಲಿ, 1928ರ ಮೇ 30ರಂದು. ತಂದೆ ಗ್ರೀಕ್ ಮೂಲದವರು, ತಾಯಿ ಫ್ರೆಂಚ್. ಬೆಳೆದದ್ದು, ದುಡಿದದ್ದು, ತೀರಿಕೊಂಡದ್ದು ಫ್ರಾನ್ಸಿನಲ್ಲಿ. ಮನೆಯವರು ಇಟ್ಟ ಹೆಸರು ಆರ್ಲೆತ್. ಹದಿನೆಂಟಕ್ಕೆ ತಾವೇ ಆನ್ಯೆಸ್ ಅಂತ ಬದಲಿಸಿಕೊಂಡರು. ‘ಆಗ್ನೆಸ್’ ಅಂದರೆ ತಪ್ಪೇನಿಲ್ಲ, ಫ್ರೆಂಚರು ‘ಗ’ ನುಂಗುತ್ತಾರೆ ಅಷ್ಟೇ.

ನಮ್ಮ ಕಡೆ ಶೇಂಗಾ ಕಿತ್ತ ಮೇಲೆ ಹೊಲದಲ್ಲಿ ಹಕ್ಕಲು, ಅಂದರೆ ಉಳಿದುಹೋದ ಕಾಯಿ, ಆಯ್ತಾರೆ. ಇದೇ ವಿಷಯದ ಮೇಲೆ ಅವರು ಸಿನಿಮಾ ಮಾಡಿದ್ದಾರೆ ಅಂತ ಓದಿ ಆಶ್ಚರ್ಯ ಆಯ್ತು. ಅದರಲ್ಲಿ ಏನಿದೆ? ಅಂಥದ್ದನ್ನು ಮೊಬೈಲಿನಲ್ಲಿ ತೆಗೆಯೋಕೆ ಆಗುತ್ತಾ? — ಚಳ್ಳಕೆರೆ ತಾಲ್ಲೂಕು

ಆಗುತ್ತೆ. ಇವತ್ತಿನ ನಿಮ್ಮ ಫೋನಿಗಿಂತ ಕಡಿಮೆ ಚಿತ್ರಗುಣದ ಕ್ಯಾಮೆರಾದಲ್ಲೇ ಅದರ ಎಷ್ಟೋ ಭಾಗ ತೆಗೆದದ್ದು.

ಮೊದಲು ಹೆಸರು ನೋಡಿ. ಇಂಗ್ಲಿಷಿನಲ್ಲಿ ಅದು ಬರೀ ಹಕ್ಕಲು ಆಯುವವರು ಮತ್ತು ನಾನು ಅಂತಾಗಿದೆ. ಫ್ರೆಂಚ್ ಹೆಸರನ್ನು ಇದ್ದ ಹಾಗೆ ಕನ್ನಡಕ್ಕೆ ತಂದರೆ ‘ಆಯುವವರು ಮತ್ತು ಆಯುವವಳು’. ಆ ‘ಆಯುವವಳು’ ವಾರ್ದಾ ತಾವೇ: ಹೊಲದಲ್ಲಿ ಬಿಟ್ಟದ್ದನ್ನು ಅವರು ಆಯುತ್ತಾರೆ, ನಾನು ಬೇರೆಯವರು ಬಿಟ್ಟ ಚಿತ್ರಗಳನ್ನು ಆಯುತ್ತೇನೆ ಅನ್ನುವ ಅರ್ಥ. ಇಂಗ್ಲಿಷಿನ ಬಾಯಿಗೆ ಸಿಗದ ಹೆಣ್ಣು-ಗಂಡಿನ ಈ ವ್ಯತ್ಯಾಸ ಕನ್ನಡದಲ್ಲಿ ಸಲೀಸಾಗಿ ಕೂರುತ್ತದೆ. ಜೊತೆಗೆ ಹಕ್ಕಲು ಅನ್ನುವ ಪದವೇ ನಮ್ಮಲ್ಲಿ ಇನ್ನೂ ಬಳಕೆಯಲ್ಲಿದೆ.

2000ದ ಚಿತ್ರ, 82 ನಿಮಿಷ. ನಿಘಂಟು ತೆರೆದು ಪದದ ಅರ್ಥ ತೋರಿಸುವುದರಿಂದ ಶುರು. ಆಮೇಲೆ ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿರುವ ಚಿತ್ರಕಾರ ಮಿಲೆಯ 1857ರ ಚಿತ್ರಪಟ: ಸೊಂಟ ಬಗ್ಗಿಸಿ ತೆನೆ ಆಯುವ ಮೂವರು ಹೆಂಗಸರು. ಅಲ್ಲಿಂದ ನೇರ ಈಗಿನ ಹೊಲಕ್ಕೆ. ಆಲೂಗಡ್ಡೆ ಕಂಪನಿಗಳು ಅಳತೆಗೆ ಸರಿಹೋಗದ ಗಡ್ಡೆಗಳನ್ನು, ಒಡೆದ, ವಕ್ರವಾದ ಗಡ್ಡೆಗಳನ್ನು ಟ್ರ್ಯಾಕ್ಟರ್‌ಗಟ್ಟಲೆ ಹೊಲಕ್ಕೆ ಸುರಿದು ಹೋಗುತ್ತವೆ. ಆಯಲು ಬಂದವರ ನಡುವೆ ವಾರ್ದಾಗೆ ಹೃದಯದ ಆಕಾರದ ಗಡ್ಡೆಗಳು ಸಿಗುತ್ತವೆ, ಕೈಚೀಲಕ್ಕೆ ಹಾಕಿಕೊಳ್ಳುತ್ತಾರೆ. ಮೂರು ವರ್ಷದ ಮೇಲೆ ವೆನಿಸ್ ಬಿನಾಲೆ ಎಂಬ ಕಲಾ ಪ್ರದರ್ಶನದಲ್ಲಿ 700 ಕಿಲೋ ಆಲೂಗಡ್ಡೆ ಹರಡಿ, ತಾವೇ ಆಲೂಗಡ್ಡೆಯ ವೇಷ ಹಾಕಿಕೊಂಡು ಓಡಾಡಿದ್ದಕ್ಕೆ ಬೀಜ ಇದೇ.

ಕಾನೂನಿನ ಭಾಗವನ್ನು ನಾವು ತುಂಬ ಇಷ್ಟಪಡುವ ಕಾರಣ ಅದನ್ನು ಹೇಳಿದ ರೀತಿ. ಕರೀ ನಿಲುವಂಗಿ ತೊಟ್ಟ ವಕೀಲರನ್ನು ಕೋರ್ಟಿನಲ್ಲಿ ಅಲ್ಲ, ತರಕಾರಿ ಹೊಲದ ನಡುವೆ ನಿಲ್ಲಿಸಿದ್ದಾರೆ. ಕೈಯಲ್ಲಿ ಕೆಂಪು ಕಾನೂನು ಪುಸ್ತಕ. ಸುಗ್ಗಿ ಮುಗಿದ ಮೇಲೆ, ಸೂರ್ಯ ಹುಟ್ಟಿದಾಗಿನಿಂದ ಮುಳುಗುವ ತನಕ ಹಕ್ಕಲು ಆಯಬಹುದು ಅಂತ ಓದಿ ಹೇಳುತ್ತಾರೆ. ತೋಟದ ಮಾತೇ ಬೇರೆ: ಬರ್ಗಂಡಿಯ ದ್ರಾಕ್ಷಿ ತೋಟದವರು ಉಳಿದ ಗೊಂಚಲು ಮುಟ್ಟಲು ಬಿಡುವುದಿಲ್ಲ. ನೆಲದ ಮೇಲಿನದನ್ನು ಆಯುವುದಕ್ಕೆ ಒಂದು ಪದ, ಗಿಡದಲ್ಲಿ ಉಳಿದದ್ದನ್ನು ಕೀಳುವುದಕ್ಕೆ ಇನ್ನೊಂದು ಪದ ಫ್ರೆಂಚಿನಲ್ಲಿದೆ ಅನ್ನುವುದೂ ಅಲ್ಲೇ ಬರುತ್ತದೆ. ಪ್ಯಾರಿಸ್ಸಿನ ಸಂತೆ ಮುಗಿದ ಮೇಲೆ ಸೊಪ್ಪು, ಹಣ್ಣು ಆಯ್ದು ಅಲ್ಲೇ ತಿನ್ನುವ ಒಬ್ಬನನ್ನು ಹಿಂಬಾಲಿಸಿ ಹೋದರೆ, ಅವನು ರಾತ್ರಿ ವಲಸೆ ಬಂದವರಿಗೆ ಪುಕ್ಕಟೆ ಫ್ರೆಂಚ್ ಪಾಠ ಹೇಳುವ ಮೇಷ್ಟ್ರು. ಇದನ್ನು ಯಾವ ಚಿತ್ರಕಥೆಯಲ್ಲೂ ಮೊದಲೇ ಬರೆಯಲಾಗುತ್ತಿರಲಿಲ್ಲ.

ಅವರ ಜೊತೆ ಸಣ್ಣ ತಂಡ ಇತ್ತು. ಆದರೆ ಅಂಗೈಯಲ್ಲಿ ಹಿಡಿಯುವ ಡಿಜಿಟಲ್ ಕ್ಯಾಮೆರಾ ಬೇರೆಯೇ, ಅದು ಅವರದೇ. ಅದರಲ್ಲಿ ಒಂದು ಕೈಯಿಂದ ತಮ್ಮ ಇನ್ನೊಂದು ಕೈಯ ಸುಕ್ಕು, ಕಲೆ ತೆಗೆಯುತ್ತಾರೆ. ಹೆದ್ದಾರಿಯಲ್ಲಿ ಹೋಗುವ ಲಾರಿಗಳನ್ನು ಬೆರಳಿನ ಉಂಗುರದೊಳಗೆ ‘ಹಿಡಿಯುತ್ತಾರೆ’. ಒಮ್ಮೆ ಕ್ಯಾಮೆರಾ ಆಫ್ ಮಾಡಲು ಮರೆತರು. ಲೆನ್ಸಿನ ಮುಚ್ಚಳ ದಾರದಲ್ಲಿ ನೇತಾಡುತ್ತಾ ನೆಲದ ಮೇಲೆ ಕುಣಿದದ್ದೆಲ್ಲ ರೆಕಾರ್ಡ್ ಆಯಿತು. ಬೇರೆಯವರಾದರೆ ಅಳಿಸುತ್ತಿದ್ದರು. ಇವರು ಅದಕ್ಕೆ ಜಾಝ್ ಸಂಗೀತ ಹಾಕಿ ಚಿತ್ರದಲ್ಲಿ ಉಳಿಸಿಕೊಂಡರು. ಅದೂ ಒಂದು ಹಕ್ಕಲೇ.

ಈಗ ನಿಮ್ಮ ಹೊಲಕ್ಕೆ ಬರೋಣ.

ಮೊದಲ ಎರಡು ದಿನ ಫೋನ್ ಜೇಬಿನಿಂದ ತೆಗೆಯಬೇಡಿ. ಹೊಲದವರನ್ನು ಒಂದು ಮಾತು ಕೇಳಿ, ಆಯುವವರ ಜೊತೆ ನೀವೂ ಆಯಿರಿ. ಶೇಂಗಾ ಹಕ್ಕಲು ಅಂದರೆ ಬಳ್ಳಿ ಕಿತ್ತಾಗ ಮಣ್ಣಿನಲ್ಲೇ ಹರಿದು ಉಳಿದ ಕಾಯಿ. ಒಣ ನೆಲದಲ್ಲಿ ಕೈ ಉಗುರಿಗೆ ಸಿಗುವುದಿಲ್ಲ, ಒಂದು ಹದ ಮಳೆ ಬಿದ್ದರೆ ಅಥವಾ ನೇಗಿಲು ಹೊಡೆದರೆ ಮೇಲೆ ಬರುತ್ತೆ. ಹಾಗಾಗಿ ಯಾವ ದಿನ ಜನ ಬರುತ್ತಾರೆ ಅನ್ನುವುದನ್ನು ಮೋಡ ನೋಡಿ ಹೇಳಬೇಕು, ಕ್ಯಾಲೆಂಡರ್ ನೋಡಿ ಅಲ್ಲ. ದಾವಣಗೆರೆ ಕಡೆಯ ಮೆಕ್ಕೆಜೋಳದ ಹೊಲದಲ್ಲಿ ಹೀಗಲ್ಲ: ಬಿದ್ದ ತೆನೆ ಕಣ್ಣಿಗೆ ಕಾಣುತ್ತದೆ, ರಾಶಿ ಮುಗಿದ ಮರುದಿನವೇ ಹೋಗಬೇಕು, ಆಮೇಲೆ ದನ ಬಿಡುತ್ತಾರೆ.

ಬಗ್ಗಿ ಆಯುವವರನ್ನು ನಿಂತು ತೆಗೆದರೆ ಬರೀ ಬೆನ್ನು. ಕುಕ್ಕರುಗಾಲಲ್ಲಿ ಕೂತು ತೆಗೆದರೆ ಮುಖ ಸಿಗುತ್ತದೆ, ಆದರೆ ಹಿಂದೆ ಬಿಳೀ ಆಕಾಶ ಬಂದು ಸೆರಗು ಹೊದ್ದ ಮುಖ ಕಪ್ಪಾಗುತ್ತದೆ. ಹೀಗಾಗಿ ಬೆಳಗ್ಗೆ 9ರ ಒಳಗೆ, ಸಂಜೆ 4ರ ಮೇಲೆ, ಸೂರ್ಯ ನಿಮ್ಮ ಬೆನ್ನ ಹಿಂದೆ ಇರುವಂತೆ ಕೂರಿ. ಇಳಿಬಿಸಿಲು ಸೆರಗಿನ ಒಳಗೂ ನುಗ್ಗುತ್ತದೆ. ಪರದೆಯ ಮೇಲೆ ಮುಖವನ್ನು ಒತ್ತಿ ಹಿಡಿದು ಎಕ್ಸ್‌ಪೋಷರ್, ಅಂದರೆ ಬೆಳಕಿನ ಅಳತೆ, ಲಾಕ್ ಮಾಡಿ. ಇಲ್ಲದಿದ್ದರೆ ಅವರು ತಲೆ ಎತ್ತಿದಾಗಲೆಲ್ಲ ಚಿತ್ರ ಮಿನುಗುತ್ತದೆ. ಜೂಮ್ ಮುಟ್ಟಬೇಡಿ, ಎರಡು ಹೆಜ್ಜೆ ಹತ್ತಿರ ಹೋಗಿ.

ಕಾಲರ್ ಮೈಕ್, ಸಾವಿರದೊಳಗೆ ಸಿಗುವ ವೈರಿನದೇ ಸಾಕು. ಆದರೆ ಬಗ್ಗಿದಾಗ ಸೆರಗು ಉಜ್ಜಿ ಕರಕರ ಅನ್ನುತ್ತದೆ. ಆಯುವಾಗ ಬರೀ ಕೈಯ ಸದ್ದು ಸಾಕು. ಮಾತು ಅವರು ಬದುವಿನ ಮೇಲೆ ಬುತ್ತಿ ಬಿಚ್ಚಿದಾಗ ತೆಗೆದುಕೊಳ್ಳಿ. ಫುಲ್ ಎಚ್‌ಡಿಯಲ್ಲಿ ನಿಮಿಷಕ್ಕೆ 100ರಿಂದ 150 ಎಂಬಿ ಹೋಗುತ್ತದೆ, ಅಂದರೆ ಹತ್ತು ಗಂಟೆಗೆ 60ರಿಂದ 90 ಜಿಬಿ. ರಾತ್ರಿ ಖಾಲಿ ಮಾಡಿಕೊಂಡೇ ಮಲಗಿ.

ಮತ್ತೊಂದು, ಇದು ತಂತ್ರದ ಮಾತಲ್ಲ. ಹಕ್ಕಲು ಆಯುವುದನ್ನು ಊರಲ್ಲಿ ಬಡತನದ ಗುರುತು ಅಂತ ನೋಡುವವರಿದ್ದಾರೆ. ಬೀಗರ ಕಣ್ಣಿಗೆ ಬೀಳುತ್ತೆ ಅಂತ ಮುಖ ಕೊಡಲು ಒಪ್ಪದಿದ್ದರೆ ಕೈ ಮಾತ್ರ ತೆಗೆಯಿರಿ. ತೆಗೆದದ್ದನ್ನು ಅವರಿಗೆ ಅಲ್ಲೇ ತೋರಿಸಿ. ವಾರ್ದಾ ಎರಡು ವರ್ಷದ ನಂತರ ಅದೇ ಜನರನ್ನು ಹುಡುಕಿಕೊಂಡು ಹೋಗಿ ಇನ್ನೊಂದು ಚಿತ್ರ ಮಾಡಿದರು, 2002ರಲ್ಲಿ. ಹಾಗೆ ವಾಪಸ್ ಹೋಗುವ ಮುಖ ಉಳಿಸಿಕೊಂಡಿರಬೇಕು.

‘ಕ್ಲೆಯೊ, 5ರಿಂದ 7’ರಲ್ಲಿ ಕಥೆ ನಡೆಯುವ ಹೊತ್ತೂ ಸಿನಿಮಾದ ಹೊತ್ತೂ ಒಂದೇ ಅಂತಾರೆ. ಅಂಥ ಚಿತ್ರಕಥೆ ಬರೆಯುವುದು ಹೇಗೆ? — ದಾವಣಗೆರೆ

1962ರ ಚಿತ್ರ. ಗಾಯಕಿ ಕ್ಲೆಯೊ ಆಸ್ಪತ್ರೆಯ ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತಾಳೆ, ಕ್ಯಾನ್ಸರ್ ಇರಬಹುದೆಂಬ ಭಯ. ಆ ಸಂಜೆ ಪ್ಯಾರಿಸ್ಸಿನಲ್ಲಿ ಅವಳು ಸುತ್ತುವುದೇ ಕಥೆ. ಹೆಸರಲ್ಲಿ 7 ಇದ್ದರೂ ಚಿತ್ರ ಆರೂವರೆಗೆ ಮುಗಿಯುತ್ತದೆ. ಫ್ರೆಂಚಿನಲ್ಲಿ ‘ಐದರಿಂದ ಏಳು’ ಅಂದರೆ ಪ್ರಿಯಕರರು ಗುಟ್ಟಾಗಿ ಸೇರುವ ಹೊತ್ತು, ಆ ಕುಹಕಕ್ಕಾಗಿ ಆ ಹೆಸರು. ಶುರುವಿನ ಇಸ್ಪೀಟು ಭವಿಷ್ಯದ ಎಲೆಗಳು ಮಾತ್ರ ಬಣ್ಣದಲ್ಲಿ, ಮಿಕ್ಕದ್ದು ಕಪ್ಪು ಬಿಳುಪು. ಪ್ರತಿ ಅಧ್ಯಾಯಕ್ಕೂ ಯಾರ ಹೆಸರು, ಎಷ್ಟು ಗಂಟೆಯಿಂದ ಎಷ್ಟು ಗಂಟೆಗೆ ಅಂತ ಪರದೆಯ ಮೇಲೆ ಬರುತ್ತದೆ. ಅರ್ಧ ದಾರಿಯ ತನಕ ಎಲ್ಲರೂ ಅವಳನ್ನು ನೋಡುತ್ತಾರೆ; ವಿಗ್ ಕಿತ್ತೆಸೆದು ಕರೀ ಉಡುಪಿನಲ್ಲಿ ಬೀದಿಗೆ ಬಂದ ಮೇಲೆ ಅವಳು ಬೇರೆಯವರನ್ನು ನೋಡಲು ಶುರು ಮಾಡುತ್ತಾಳೆ. ಚಿತ್ರದ ನಡುಗಂಬ ಅದು.

ನೀವು ಬರೆಯುವುದಾದರೆ ಮೇಜಿನ ಮುಂದೆ ಕೂರಬೇಡಿ, ನಡೆಯಿರಿ. ಗಡಿಯಾರ ಕಂಬದಿಂದ ಶುರು ಮಾಡಿ ಪಾತ್ರ ಹೋಗಬೇಕಾದ ದಾರಿಯಲ್ಲಿ ಗಡಿಯಾರ ಹಿಡಿದು ಮೂರು ಸಲ, ಅದೇ ಹೊತ್ತಿನಲ್ಲಿ. ಬೆಣ್ಣೆದೋಸೆ ಹೋಟೆಲಿನಲ್ಲಿ ಆರ್ಡರ್ ಕೊಟ್ಟು ದೋಸೆ ಬರಲು ನಿಜವಾಗಿ ಎಷ್ಟು ನಿಮಿಷ? ಅಷ್ಟೂ ಹೊತ್ತು ಪಾತ್ರ ಏನು ಮಾಡುತ್ತದೆ? ರೈಲ್ವೆ ಗೇಟ್ ಬಿದ್ದರೆ ಎಷ್ಟು ಹೊತ್ತು ನಿಲ್ಲಬೇಕು? ಮಾಮೂಲಿ ಚಿತ್ರಕಥೆ ಇಂಥದ್ದನ್ನೆಲ್ಲ ಕಟ್ ಮಾಡಿ ಹಾರುತ್ತದೆ, ಈ ಬಗೆಯದಕ್ಕೆ ಇದೇ ಬಂಡವಾಳ. ಎಡಗಡೆ ನಿಮಿಷ, ಬಲಗಡೆ ಘಟನೆ ಬರೆದರೆ ಖಾಲಿ ಜಾಗಗಳು ತಾವೇ ಎದ್ದು ಕಾಣುತ್ತವೆ.

ಕೈ ಕೊಡುವುದು ಬೆಳಕು. ಪ್ಯಾರಿಸ್ಸಿನ ಜೂನ್ 21ರ ಆರೂವರೆ ಅಂದರೆ ಇನ್ನೂ ಒಳ್ಳೇ ಬಿಸಿಲು, ಚಿತ್ರದ ಕಥೆ ನಡೆಯುವುದು ಆ ದಿನ. ದಾವಣಗೆರೆಯಲ್ಲಿ ಡಿಸೆಂಬರಿನಲ್ಲಿ ಹೆಚ್ಚು ಕಡಿಮೆ ಆರಕ್ಕೇ ಸೂರ್ಯ ಮುಳುಗುತ್ತಾನೆ, ಜೂನಿನಲ್ಲಿ ಏಳರ ಹತ್ತಿರ. ಆದರೆ ಜೂನಿನಲ್ಲಿ ಮಳೆ. ಏಪ್ರಿಲ್ ಒಳ್ಳೇದು. ಇನ್ನೂ ಕಷ್ಟದ ಲೆಕ್ಕ: 5.20ರ ದೃಶ್ಯವನ್ನು 5.20ರ ಆಸುಪಾಸಿನಲ್ಲೇ ತೆಗೆಯಬೇಕು, ಇಲ್ಲದಿದ್ದರೆ ನೆರಳು ಸುಳ್ಳು ಹೇಳುತ್ತದೆ. ಅಂದರೆ ದಿನಕ್ಕೆ ಒಂದೋ ಎರಡೋ ದೃಶ್ಯ. ಮೊದಲ ಸಲಕ್ಕೆ ತೊಂಬತ್ತು ನಿಮಿಷ ಬೇಡ, ಹನ್ನೆರಡು ಸಾಕು. ದಾರಿಯಲ್ಲಿ ಸಿಗುವ ಅಂಗಡಿಗಳ ಗೋಡೆ ಗಡಿಯಾರ ಚೌಕಟ್ಟಿನೊಳಗೆ ಬರುತ್ತದಾ ನೋಡಿಕೊಳ್ಳಿ; ನೋಡುವವರು ಮೊದಲು ಹಿಡಿಯುವುದು ಅದನ್ನೇ.

ಮಗುವಿಗೆ ಎರಡು ವರ್ಷ. ಮನೆ ಬಿಟ್ಟು ಹೋಗಲು ಆಗುವುದಿಲ್ಲ. ಕಿರುಚಿತ್ರ ಮಾಡುವ ಆಸೆ ಇದೆ. ವಾರ್ದಾ ಇದನ್ನೆಲ್ಲ ಹೇಗೆ ನಿಭಾಯಿಸಿದರು? — ಗೃಹಿಣಿ, ದಾವಣಗೆರೆ ಹಳೇಪೇಟೆ

ಅಕ್ಕಾ, ಇದಕ್ಕೆ ಅವರ ಹತ್ತಿರ ನೇರ ಉತ್ತರವೇ ಇದೆ. ಮಗ ಮಾತ್ಯೂ ಹುಟ್ಟಿದ್ದು 1972ರಲ್ಲಿ. ದೂರ ಹೋಗಲಾಗದ ಆ ದಿನಗಳಲ್ಲಿ ತಮ್ಮ ಮನೆಯ ವಿದ್ಯುತ್ ಪೆಟ್ಟಿಗೆಯಿಂದ ಕೇಬಲ್ ಎಳೆದರು, ನೂರು ಮೀಟರಿಗಿಂತ ಕಡಿಮೆ ಉದ್ದದ್ದು. ಅದು ಎಲ್ಲಿಯ ತನಕ ಮುಟ್ಟುತ್ತದೋ ಅಲ್ಲಿಯ ತನಕವೇ ಚಿತ್ರ. ದಗೇರ್ ಎಂಬ ಅವರ ಬೀದಿಯ ರೊಟ್ಟಿ ಅಂಗಡಿ, ಮಾಂಸದಂಗಡಿ, ದರ್ಜಿ, ಸುಗಂಧದ ಅಂಗಡಿಯ ವಯಸ್ಸಾದ ದಂಪತಿ, ಇವರೇ ಪಾತ್ರಗಳು. ‘ದಗೇರೊಟೈಪ್ಸ್’ ಅಂತ ಹೆಸರು. ಫೋಟೋಗ್ರಫಿಯ ಆದಿಪುರುಷ ದಗೇರ್ ಹೆಸರಿನ ಬೀದಿ, ದಗೇರೊಟೈಪ್ ಎಂಬ ಹಳೇ ಫೋಟೋ ಥರ ನಿಂತ ಜನ, ಎರಡೂ ಒಂದೇ ಪದದಲ್ಲಿ. ಮೊದಲ ಮಗು ಹೊಟ್ಟೆಯಲ್ಲಿದ್ದಾಗಲೂ ಪ್ಯಾರಿಸ್ಸಿನ ಮೂಫ್ತಾರ್ ಬೀದಿಯ ಸಂತೆಗೆ ಮಡಚುವ ಕುರ್ಚಿ ಹೊತ್ತು ಹೋಗಿ, ಅದರ ಮೇಲೆ ಹತ್ತಿ ನಿಂತು 1958ರ ಕಿರುಚಿತ್ರ ತೆಗೆದರು. ದಿನಾ ಬರುವ ಬಸುರಿ ಹೆಂಗಸನ್ನು ಸಂತೆಯವರು ನಾಲ್ಕು ದಿನಕ್ಕೆ ನೋಡುವುದನ್ನೇ ಬಿಟ್ಟರು. ಬೇಕಿದ್ದದ್ದು ಅದೇ.

ಕೇಬಲ್ಲಿನ ಬದಲು ನಿಮ್ಮ ಅಳತೆಗೋಲು ಮಗುವಿನ ನಿದ್ದೆ. ಒಂದೂವರೆ ಗಂಟೆ ಅಂದುಕೊಳ್ಳಿ. ಹೋಗಿ ಬರುವುದು ಬಿಟ್ಟು ಚಿತ್ರೀಕರಣಕ್ಕೆ ಐವತ್ತು ನಿಮಿಷ. ಓಣಿಯ ಒಂದೇ ಅಂಗಡಿ, ಒಂದೇ ಕೆಲಸ ಆರಿಸಿ: ಹೂ ಕಟ್ಟುವುದು, ಬಟ್ಟೆ ಅಳೆಯುವುದು, ಬೀಗದ ಕೈ ಕೊರೆಯುವುದು. ಆ ಕೆಲಸವನ್ನು ಶುರುವಿನಿಂದ ಕೊನೆಯವರೆಗೆ ನಿಲ್ಲಿಸದೆ ಒಂದು ಶಾಟ್, ಕೈ ಮಾತ್ರ ಒಂದು, ಮುಖ ಮಾತ್ರ ಒಂದು, ಅಂಗಡಿಯ ಒಳಗಿನಿಂದ ಬೀದಿಯ ಕಡೆ ಒಂದು. ನಾಲ್ಕೇ. ಟ್ಯೂಬ್‌ಲೈಟ್, ಎಲ್‌ಇಡಿ ಇರುವ ಅಂಗಡಿಯಲ್ಲಿ ಪರದೆ ಮೇಲೆ ಪಟ್ಟೆಗಳು ಹರಿದರೆ ನಮ್ಮ ಕರೆಂಟು 50 ಹರ್ಟ್ಸ್ ಅನ್ನುವುದು ನೆನಪಿರಲಿ: ಫೋನಿನ ಪ್ರೊ ಮೋಡಿನಲ್ಲಿ ಶಟರ್ 1/50, ಸೆಕೆಂಡಿಗೆ 25 ಫ್ರೇಮ್ ಇಟ್ಟರೆ ಬಹುತೇಕ ಹೋಗುತ್ತದೆ.

ಮಂಡಕ್ಕಿ ಭಟ್ಟಿ ತೆಗೆಯಬಹುದಾ ಅಂತಲೂ ಕೇಳಿದ್ದೀರಿ. ಚಂದ ಬರುತ್ತದೆ, ಆದರೆ ಮಗುವನ್ನು ಕರೆದೊಯ್ಯುವ ಜಾಗ ಅಲ್ಲ. ಕಾದ ಮರಳಿನಲ್ಲಿ ಅಕ್ಕಿ ಅರಳುವುದು ಕ್ಷಣಮಾತ್ರದ ಕೆಲಸ. ಬೆಂಕಿಗೆ ಎಕ್ಸ್‌ಪೋಷರ್ ಇಟ್ಟರೆ ಆಳು ಕಾಣುವುದಿಲ್ಲ, ಆಳಿಗೆ ಇಟ್ಟರೆ ಬೆಂಕಿ ಬಿಳೀ ಕಲೆ. ಬಾಗಿಲ ಬೆಳಕು ಒಂದು ಬದಿಯಿಂದ ಅವರ ಮೇಲೆ ಬೀಳುವ ಹೊತ್ತು ನೋಡಿಕೊಳ್ಳಿ. ಹತ್ತು ನಿಮಿಷಕ್ಕೊಮ್ಮೆ ಹೊರಗೆ ಬಂದು ಫೋನ್ ತಣ್ಣಗೆ ಮಾಡದಿದ್ದರೆ ಬಿಸಿಗೆ ತಾನೇ ಆಫ್ ಆಗುತ್ತದೆ.

‘ಸಿನೆಕ್ರಿತ್ಯೂರ್’ ಅಂದರೇನು? ಚಿತ್ರಕಥೆ ಅಂತಲೇ ಅರ್ಥವೇ? — ಚಿತ್ರದುರ್ಗ

ಅಲ್ಲ. ‘ಸಿನಿಮಾ’ ಮತ್ತು ‘ಬರವಣಿಗೆ’ ಸೇರಿಸಿ ವಾರ್ದಾ ಕಟ್ಟಿದ ಪದ. ಕಾಗದದ ಮೇಲಿನ ಚಿತ್ರಕಥೆ ಒಂದು ಭಾಗ ಅಷ್ಟೇ; ಯಾವ ಜಾಗ, ಯಾವ ಋತು, ಕ್ಯಾಮೆರಾ ಯಾವ ಕಡೆಗೆ ಸರಿಯುತ್ತದೆ, ಎಲ್ಲಿ ಕತ್ತರಿ ಬೀಳುತ್ತದೆ, ಇವೆಲ್ಲವೂ ಬರವಣಿಗೆಯೇ ಅನ್ನುವ ವಾದ. ಒಬ್ಬರು ಬರೆದು ಇನ್ನೊಬ್ಬರು ‘ತೆಗೆಯುವ’ ಪದ್ಧತಿಗೆ ಇದು ಹೊಂದುವುದಿಲ್ಲ.

ಒಂದೇ ಉದಾಹರಣೆ ಸಾಕು, 1985ರ ಚಿತ್ರ. ಅದರ ಫ್ರೆಂಚ್ ಹೆಸರು ಒಂದು ನುಡಿಗಟ್ಟಿನ ಅಕ್ಷರ ಬದಲಿಸಿ ಮಾಡಿದ ಆಟ, ‘ಸೂರೂ ಇಲ್ಲ, ಕಟ್ಟಳೆಯೂ ಇಲ್ಲ’ ಅಂತ. ನಮ್ಮ ‘ಮನೆಮಠ ಇಲ್ಲದವಳು’ ಅದಕ್ಕೆ ಹತ್ತಿರ. ಮೋನಾ ಎಂಬ ಅಲೆಮಾರಿ ಹುಡುಗಿ ಚಳಿಗೆ ಸತ್ತು ಚರಂಡಿಯಲ್ಲಿ ಬಿದ್ದಿರುವುದೇ ಮೊದಲ ದೃಶ್ಯ. ಆಮೇಲೆ ಅವಳನ್ನು ಕಂಡವರ ಸಾಕ್ಷಿ. ನಡುನಡುವೆ ಹತ್ತಕ್ಕೂ ಹೆಚ್ಚು ಉದ್ದನೆಯ ಟ್ರ್ಯಾಕಿಂಗ್ ಶಾಟ್‌ಗಳು, ಅಂದರೆ ಕ್ಯಾಮೆರಾವೇ ಸರಿಯುತ್ತಾ ತೆಗೆದವು, ಎಲ್ಲವೂ ಬಲದಿಂದ ಎಡಕ್ಕೆ. ಎಡದಿಂದ ಬಲಕ್ಕೆ ಓದುವವರ ಕಣ್ಣಿಗೆ ಅದು ಎದುರು ಈಜು. ಕನ್ನಡ ಓದುವ ನಮಗೂ ಅಷ್ಟೇ. ಕ್ಯಾಮೆರಾ ಅವಳಿಗಿಂತ ಮುಂಚೆ ಹೊರಡುತ್ತದೆ, ಸ್ವಲ್ಪ ದೂರ ಜೊತೆ ಹೋಗುತ್ತದೆ, ಅವಳನ್ನು ಬಿಟ್ಟು ಮುಂದೆ ಹೋಗಿ ಯಾವುದೋ ವಸ್ತುವಿನ ಮೇಲೆ ನಿಲ್ಲುತ್ತದೆ. ಎಷ್ಟೋ ನಿಮಿಷದ ನಂತರ ಬರುವ ಮುಂದಿನ ಟ್ರ್ಯಾಕಿಂಗ್ ಅಂಥದೇ ವಸ್ತುವಿನಿಂದ ಶುರು. ಮೊದಲ ಸಲ ನೋಡುವಾಗ ಯಾರಿಗೂ ಹೊಳೆಯುವುದಿಲ್ಲ, ಆದರೆ ಚಿತ್ರ ಹರಿದುಹೋಗದಂತೆ ಹಿಡಿದಿರುವ ಹೊಲಿಗೆ ಅದು. ವೆನಿಸ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಸ್ವರ್ಣ ಸಿಂಹ ಬಂತು. ಮೋನಾ ಆದ ಸಾಂದ್ರಿನ್ ಬೊನೇರ್‌ಗೆ ಫ್ರಾನ್ಸಿನ ಸೆಜಾರ್ ಚಲನಚಿತ್ರ ಪ್ರಶಸ್ತಿ.

ಪ್ರಯೋಗ ಮಾಡುವವರು ಹಳಿ, ಟ್ರಾಲಿ ಹುಡುಕಬೇಡಿ. ತರಕಾರಿ ತಳ್ಳುಗಾಡಿಗೆ ಗಾಳಿ ಚಕ್ರ ಇದ್ದರೆ ಅರ್ಧ ಗಾಳಿ ಇಳಿಸಿ, ಮೇಲೆ ಮಡಚಿದ ಕಂಬಳಿ, ಅದರ ಮೇಲೆ ಮೊಣಕೈ ಊರಿ ಫೋನ್. ಸೆಕೆಂಡಿಗೆ ಒಂದು ಮೀಟರ್, ಅಂದರೆ ಆರಾಮದ ನಡಿಗೆಗಿಂತ ತುಸು ನಿಧಾನ. ಇಪ್ಪತ್ತು ಸೆಕೆಂಡಿಗೆ ಇಪ್ಪತ್ತು ಮೀಟರ್ ಸಮತಟ್ಟು ಜಾಗ ಬೇಕು. ತಳ್ಳುವವರು ನಟಿಯನ್ನು ನೋಡುತ್ತಾ ತಳ್ಳಿದರೆ ಅವಳ ವೇಗಕ್ಕೆ ಗಾಡಿ ಹೊಂದಿಕೊಂಡುಬಿಡುತ್ತದೆ, ಆಗ ‘ಬಿಟ್ಟು ಹೋಗುವ’ ಭಾವ ಬರುವುದಿಲ್ಲ. ಅವರು ನೆಲ ನೋಡಿ ಎಣಿಸುತ್ತಾ ತಳ್ಳಬೇಕು. ಜಾಗಕ್ಕೆ ಕೋಟೆ ಆರಿಸಿದರೆ ಅದು ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ, ಟ್ರೈಪಾಡ್ ತೆಗೆಯುವ ಮುಂಚೆಯೇ ಅನುಮತಿ ಬೇಕು. ಊರ ಹೊರಗಿನ ಹಳೇ ರಸ್ತೆ ಸಾಕು. ಬಂಡೆ ಅಲ್ಲಿಯೂ ಇದೆ.

ಆಸ್ಕರ್ ಬಂದಿತ್ತೇ? — ಹಿರಿಯೂರು

ಗೌರವ ಆಸ್ಕರ್, 2017ರಲ್ಲಿ. ಅದನ್ನು ಪಡೆದ ಮೊದಲ ನಿರ್ದೇಶಕಿ ಅವರು. ಅದೇ ವರ್ಷದ, ಜೆಆರ್ ಎಂಬ ಕಲಾವಿದನ ಜೊತೆ ಊರೂರು ಸುತ್ತಿ ಜನರ ಮುಖಗಳನ್ನು ಗೋಡೆಗೆ ಅಂಟಿಸಿದ ಸಾಕ್ಷ್ಯಚಿತ್ರಕ್ಕೆ 89ನೇ ವಯಸ್ಸಿನಲ್ಲಿ ನಾಮನಿರ್ದೇಶನವೂ ಆಯಿತು. 2022ರಲ್ಲಿ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ವಿಮರ್ಶಕರಿಂದ ಮಾಡಿಸಿದ ಪಟ್ಟಿಯಲ್ಲಿ ‘ಕ್ಲೆಯೊ’ 14ನೇ ಸ್ಥಾನ, ಹಕ್ಕಲಿನ ಚಿತ್ರ 67. ನಮ್ಮನ್ನು ಕೇಳಿದರೆ ಎರಡನ್ನೂ ಅದಲು ಬದಲು ಮಾಡುತ್ತಿದ್ದೆವು.

ಅವರು ಸೋತದ್ದೇ ಇಲ್ಲವೇ? ಎಲ್ಲ ಲೇಖನದಲ್ಲೂ ಬರೀ ಗೆಲುವೇ ಇರುತ್ತೆ. — ಚಿತ್ರದುರ್ಗ

ಚೆನ್ನಾಗಿಯೇ ಸೋತಿದ್ದಾರೆ. 1995ರಲ್ಲಿ ಸಿನಿಮಾದ ನೂರು ವರ್ಷದ ನೆಪದಲ್ಲಿ ದೊಡ್ಡ ದೊಡ್ಡ ತಾರೆಯರನ್ನೆಲ್ಲ ತುಂಬಿ ಮಾಡಿದ ‘ನೂರಾ ಒಂದು ರಾತ್ರಿ’ ನೆಲಕಚ್ಚಿತು. ಐದು ವರ್ಷದ ನಂತರ ಅಂಗೈ ಕ್ಯಾಮೆರಾ ಹಿಡಿದು ಹೊಲಕ್ಕೆ ಹೋದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಅದಕ್ಕೂ ಮುಂಚಿನದು 1966ರ ‘ಲೆ ಕ್ರೆಯಾತ್ಯೂರ್’. ಕ್ಯಾತ್ರಿನ್ ದನೋವ್, ಮಿಶೆಲ್ ಪಿಕೋಲಿಯಂಥ ಹೆಸರಾಂತ ನಟರಿದ್ದೂ ಓಡಲಿಲ್ಲ. ಅದರ ಪ್ರಿಂಟುಗಳು ಡಬ್ಬಿಗಳಲ್ಲಿ ಹಾಗೇ ಬಿದ್ದಿದ್ದವು. ನಲವತ್ತು ವರ್ಷದ ಮೇಲೆ, 2006ರಲ್ಲಿ, ಪ್ಯಾರಿಸ್ಸಿನ ಕಾರ್ತಿಯೇ ಪ್ರತಿಷ್ಠಾನದ ಪ್ರದರ್ಶನಕ್ಕೆ ವಾರ್ದಾ ಆ ರೀಲುಗಳನ್ನು ಬಿಚ್ಚಿ, ಕಬ್ಬಿಣದ ಚೌಕಟ್ಟಿಗೆ ಉದ್ದುದ್ದ ಇಳಿಬಿಟ್ಟು ಗುಡಿಸಿಲು ಕಟ್ಟಿದರು. ಗೋಡೆಯೂ ಫಿಲ್ಮು, ಚಾವಣಿಯೂ ಫಿಲ್ಮು. ‘ಸೋಲಿನ ಗುಡಿಸಿಲು’ ಅಂತಲೇ ಹೆಸರಿಟ್ಟರು. 35 ಎಂಎಂ ಫಿಲ್ಮಿನಲ್ಲಿ ಒಂದು ಅಡಿಗೆ 16 ಚಿತ್ರ. ಒಳಗೆ ನಿಂತು ಬೆಳಕಿಗೆ ಕಣ್ಣು ಕೊಟ್ಟರೆ ಟಿಕೆಟ್ ಕೊಂಡು ಯಾರೂ ನೋಡದೆ ಬಿಟ್ಟ ದನೋವ್ ಮುಖ, ಉಗುರಿನಷ್ಟು ಗಾತ್ರದಲ್ಲಿ, ಮೇಲಿನಿಂದ ಕೆಳಗಿನ ತನಕ ಸಾವಿರಾರು ಸಲ.